ನೂರೆಂಟು ಸರದಿ

ಹೋದ ವಾರ ಕಡೂರಿನಿಂದ ತರೀಕೆರೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸೊಬ್ಬಳು ಚಿಕ್ಕ ಸೀಸೆ ತೆಗೆದು ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡಳು. ಕಿಟಕಿಯ ಗಾಳಿಗೆ ಆ ವಾಸನೆ ನೇರ ನನ್ನ ಮುಖಕ್ಕೆ ಬಂತು. ಬೀರೂರು ಯಾವಾಗ ಬಂತು, ಯಾವಾಗ ಹೋಯಿತು ನನಗೆ ತಿಳಿಯಲಿಲ್ಲ. ಆ ಹೊತ್ತಿಗೆ ನಾನು ಎದುರುಮನೆ ದೊಡ್ಡಮ್ಮನ ನಡುಮನೆಯಲ್ಲಿ ಕೂತುಬಿಟ್ಟಿದ್ದೆ…

ದೊಡ್ಡಮ್ಮ ನಮಗೆ ನೆಂಟರಲ್ಲ. ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ರಿಟೈರಾದವರು. ಮದುವೆಯಾಗಿರಲಿಲ್ಲ. ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ. ವಯಸ್ಸಿನಲ್ಲಿ ಇಲಾಖೆಯ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಸೆಂಟರ್ ಆಗಿದ್ದರಂತೆ. ಸೆಂಟರ್ ಎಂದರೆ ರಿಂಗಿನ ಕೆಳಗೆ ನಿಂತು, ಬಿದ್ದ ಚೆಂಡನ್ನು ಹಿಡಿದು, ಮತ್ತೆ ಮೇಲಕ್ಕೆ ಹಾಕುವವಳು. ಹಾರಿ ಹಾರಿ ಮಂಡಿ ಸವೆದಿದ್ದವು, ದಿನವೂ ನೀಲಗಿರಿ ಎಣ್ಣೆ ತಿಕ್ಕಬೇಕಿತ್ತು. ಆಟದ ಹುಚ್ಚು ಮಾತ್ರ ಸವೆದಿರಲಿಲ್ಲ.

ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತಿಗೆ ಅವರ ಕಿಟಕಿಯಿಂದ ಇಂಗ್ಲಿಷ್ ಕಾಮೆಂಟರಿ ಕೇಳಿಸುತ್ತಿತ್ತು. ಹೊರದೇಶದಲ್ಲಿ ದುಡ್ಡಿಗೆ ಆಡುವ ದೊಡ್ಡ ಆಟಗಾರರ ಪಂದ್ಯ ನಮಗೆ ಬೆಳಗಿನ ಜಾವಕ್ಕೇ ಬರುತ್ತದೆ. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಮುಂದೆ ಊದುಬತ್ತಿ, ಅದರ ಪಕ್ಕದಲ್ಲೇ ಟೀವಿ. "ಬಾರೇ, ಗೂಳಿ ಆಡ್ತಾ ಅವ್ನೆ!" ಎಂದು ಕೂಗುವರು. ಆ ಆಟಗಾರರ ಹೆಸರು ನನ್ನ ನಾಲಿಗೆಗೆ ಹೊರಳದು ಎಂದು ದೊಡ್ಡಮ್ಮನೇ ಬೇರೆ ಹೆಸರಿಟ್ಟಿದ್ದರು. ಈಗಿನ ಕಾಲದ ದಪ್ಪ ಮೈಯ, ನಿಧಾನದ ಸೆಂಟರಿಗೆ ಗೂಳಿ. ಹಿಂದಿನ ಕಾಲದ, ಹಳೆಯ ವಿಡಿಯೋಗಳಲ್ಲಿ ಮಾತ್ರ ಸಿಗುವ ಮಹಾ ಎತ್ತರದವನಿಗೆ ಗರುಡಗಂಬ. ಇವರಿಬ್ಬರಲ್ಲಿ ಯಾರು ಹೆಚ್ಚು ಎನ್ನುವುದೇ ದೊಡ್ಡಮ್ಮನ ಜೀವನದ ದೊಡ್ಡ ವಿಚಾರಣೆ.

"ಗರುಡಗಂಬಂದೇ ಪಾಯಿಂಟು ಜಾಸ್ತಿ ಅಂತ ಪಟ್ಟಿಲಿ ಬರ್ದವ್ರಲ್ಲ ದೊಡ್ಡಮ್ಮ, ಇನ್ನೇನು?" ಎಂದೆ ಒಂದು ದಿನ.

"ಲೇ, ಪಟ್ಟಿ ಮೊಟ್ಟೆ ಎಣಿಸ್ತದೆ, ಕೋಳಿ ಎಷ್ಟು ಅಂತ ಹೇಳಲ್ಲ ಕಣೆ," ಎಂದು ಕೂರಿಸಿಕೊಂಡು ವಿವರಿಸಿದರು. ಎಕ್ಸ್‌ಚೇಂಜಿನಲ್ಲಿ ಹಬ್ಬದ ದಿನ ಬೋರ್ಡಿನ ಮುಂದೆ ಕೂತವಳು ಮಾಮೂಲಿ ದಿನದವಳಿಗಿಂತ ಎರಡರಷ್ಟು ಕರೆ ಜೋಡಿಸುತ್ತಾಳೆ. ಅಷ್ಟಕ್ಕೇ ಅವಳು ಚುರುಕು ಎಂದರೆ ಹೇಗೆ? ಅವಳಿಗೆ ಬಂದ ಕರೆಗಳೇ ಎರಡರಷ್ಟು. ನೂರು ಬಂದರೆ ಎಷ್ಟು ಜೋಡಿಸಿದಳು, ಎಷ್ಟು ಬಿಟ್ಟಳು, ಅದು ಲೆಕ್ಕ. ಆಟವೂ ಹಾಗೆಯೇ. ಚೆಂಡು ಒಂದು ತಂಡದ ಕೈಗೆ ಬಂದು, ಇನ್ನೊಂದು ತಂಡದ ಕೈಗೆ ಹೋಗುವವರೆಗೆ ಒಂದು ಸರದಿ. ರಿಂಗಿಗೆ ಬಡಿದು ಬಿದ್ದದ್ದನ್ನು ತಮ್ಮವರೇ ಹಿಡಿದರೆ ಅದೇ ಸರದಿ ಮುಂದುವರಿಯುತ್ತದೆ. ಗರುಡಗಂಬನ ಕಾಲದಲ್ಲಿ ಎಲ್ಲರೂ ಆ ಕಡೆಗೂ ಈ ಕಡೆಗೂ ಓಡಿದ್ದೇ ಓಡಿದ್ದು. ಒಂದು ಪಂದ್ಯಕ್ಕೆ ಸರದಿಗಳು ರಾಶಿ. ಗೂಳಿಯ ತಂಡ ನಿಂತು, ನೋಡಿ ಆಡುತ್ತದೆ. ಇಬ್ಬರಿಗೂ ನೂರು ನೂರು ಸರದಿ ಕೊಟ್ಟು ನೋಡು, ಆಗ ಹೇಳು ಯಾರು ಹೆಚ್ಚು ಅಂತ.

ನನಗೆ ತಟ್ಟನೆ ಅರ್ಥವಾಯಿತು. ಸಿಂಗಟಗೆರೆಯ ನನ್ನ ತವರಿನಲ್ಲಿ ಅಪ್ಪ ತೋಟಕ್ಕೆ ಎಷ್ಟು ಕಾಯಿ ಎಂದು ಕೇಳುತ್ತಿರಲಿಲ್ಲ, ಮರಕ್ಕೆ ಎಷ್ಟು ಎಂದು ಕೇಳುತ್ತಿದ್ದರು.

ಸರದಿ ಎಣಿಸುವುದು ಸುಲಭವಲ್ಲ. ಅವರು ಗೀಟು ಎಳೆಯುತ್ತ ಎಳೆಯುತ್ತ ಆಟದಲ್ಲಿ ಮುಳುಗಿ ಬಿಟ್ಟುಬಿಡುತ್ತಿದ್ದರು. "ನಿನ್ನ ಜಪದ ಸರ ತಾರೇ," ಎಂದರು. ನಾನು ಗಾಬರಿಯಾದೆ. "ದೇವ್ರ ಸರದಲ್ಲಿ ಆಟ ಎಣಿಸೋದಾ?" "ಯಾಕೆ, ದೇವ್ರು ಆಟ ನೋಡಲ್ವಾ? ನಮ್ಮ ಕಡೆನೂ ಮಣಿ ಎಣಿಸ್ತಾರೆ, ನೂರೆಂಟೇ." ಪೂಜೆಯದನ್ನು ಕೊಡಲು ಮನಸ್ಸಾಗಲಿಲ್ಲ. ಅತ್ತೆಯ ಹಳೆಯ ರುದ್ರಾಕ್ಷಿ ಸರ ಪೆಟ್ಟಿಗೆಯಲ್ಲಿತ್ತು, ಶಿವನಿಗೆ ಕೈಮುಗಿದು ಅದನ್ನು ತಂದೆ. ಅಂದಿನಿಂದ ನಮ್ಮ ಲೆಕ್ಕ ನೂರಕ್ಕಲ್ಲ, ನೂರೆಂಟಕ್ಕೆ. ಮಾಲೆಗೆ ಎಷ್ಟು? ಗೂಳಿಗೆ ಮಾಲೆಗೆ ಇಷ್ಟು, ಗರುಡಗಂಬನಿಗೆ ಮಾಲೆಗೆ ಇಷ್ಟು. ನಾನು ಮಣಿ ಎಳೆಯುವುದು, ದೊಡ್ಡಮ್ಮ ತಲೆಯೊಳಗೇ ಭಾಗಿಸಿ ಹೇಳುವುದು. ಉಪ್ಪಿಟ್ಟಿನ ರವೆ ಎಷ್ಟು ದಿನ ಸೀದುಹೋಯಿತೋ! ಮನೆಯವರು ಒಂದು ಮಾತೂ ಆಡದೆ ತಿಂದರು, ಅದೂ ಭಗವಂತನ ಕೃಪೆ.

ಇಷ್ಟು ಆಟವಾಗಿಯೇ ಇದ್ದದ್ದು ಮಗಳ ವಿಷಯಕ್ಕೆ ಬಂದಾಗ ಆಟವಾಗಿ ಉಳಿಯಲಿಲ್ಲ. ಎಂಟನೇ ಕ್ಲಾಸಿಗೇ ಅವಳು ಅಪ್ಪನ ಎತ್ತರ ದಾಟಿದ್ದಳು. ಬಂದವರೆಲ್ಲ "ಇವಳಿಗೆ ಗಂಡು ಎಲ್ಲಿ ಹುಡುಕ್ತೀಯೇ?" ಎನ್ನುವರು. ಮಗು ಗೂನು ಬೆನ್ನು ಮಾಡಿಕೊಂಡು ನಡೆಯಲು ಶುರುಮಾಡಿದ್ದಳು. "ಗಂಡು ಆಮೇಲೆ ಹುಡುಕಾನ, ಮೊದ್ಲು ರಿಂಗು ಹುಡುಕಾನ," ಎಂದು ದೊಡ್ಡಮ್ಮನೇ ಅವಳನ್ನು ಶಾಲೆಯ ಅಂಕಣಕ್ಕೆ ಎಳೆದುಕೊಂಡು ಹೋದದ್ದು. ಅಲ್ಲಿ ಮಾತ್ರ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಅದನ್ನು ನೋಡಿಯೇ ನನಗೆ ಆಸೆ ಹುಟ್ಟಿತು.

ಆ ವರ್ಷ ತರೀಕೆರೆಯಲ್ಲಿ ಪಂದ್ಯಗಳಾದವು. ಕ್ರೀಡಾ ಹಾಸ್ಟೆಲಿಗೆ ಒಬ್ಬ ಸೆಂಟರನ್ನು ಆರಿಸಲು ಕೋಚ್ ಒಬ್ಬರು ಬಂದಿದ್ದರು. ಇದ್ದದ್ದು ಒಂದೇ ಜಾಗ. ನನ್ನ ಮಗಳಿಗೆ ಎದುರಾಗಿ ಅಜ್ಜಂಪುರದ ಒಬ್ಬ ಹುಡುಗಿ. ಅವಳು ನನ್ನ ಮಗಳ ಎರಡರಷ್ಟು ಪಾಯಿಂಟು ಹಾಕುತ್ತಾಳೆ ಎಂದು ಎಲ್ಲರ ಬಾಯಲ್ಲೂ ಇತ್ತು. ದೊಡ್ಡಮ್ಮ ಹೋಗಿ ಕೋಚ್‌ಗೆ ಹೇಳಿದರು: "ಸಾರ್, ಅಜ್ಜಂಪುರದವ್ರು ಜಿಂಕೆ ಓಡ್ದಂಗೆ ಓಡ್ತಾರೆ, ನಮ್ಮವ್ರು ನಿಧಾನ. ಸರದಿ ಲೆಕ್ಕದಲ್ಲಿ ನೋಡಿ." ಆತ ನಕ್ಕರು. ಆದರೂ, "ಆಯ್ತಮ್ಮ, ಇವತ್ತಿನ ಎರಡು ಪಂದ್ಯ ಎಣಿಸಿ ಕೊಡಿ, ನೋಡ್ತೀನಿ," ಎಂದರು.

ಎಣಿಸುವವಳು ನಾನು. ಬೆಳಿಗ್ಗೆ ಅಜ್ಜಂಪುರದವರು ಬೇರೊಂದು ತಂಡದ ಮೇಲೆ ಆಡಿದರು, ತಪ್ಪಿಲ್ಲದೆ ಎಣಿಸಿದೆ. ಅವರಿಗೆ ಎಪ್ಪತ್ತೆರಡು ಸರದಿ. ಆಮೇಲೆ ಇನ್ನೊಂದು ತಂಡದ ಮೇಲೆ ನಮ್ಮ ಹುಡುಗಿಯರದು. ಆ ಪಂದ್ಯದಲ್ಲಿ ಏನಾಯಿತೆಂದು ಈಗಲೂ ಪೂರ್ತಿ ನೆನಪಿಲ್ಲ… ಮಗಳ ಬೆನ್ನು ಮಾತ್ರ ಕಣ್ಣಲ್ಲಿದೆ. ಮುಗಿದಾಗ ಕೈಯಲ್ಲಿ ಎಪ್ಪತ್ತು ಮಣಿ. ದೊಡ್ಡಮ್ಮ ಭಾಗಿಸಿದರು. ಮಾಲೆಯ ಲೆಕ್ಕದಲ್ಲೂ ನನ್ನ ಮಗಳು ಅವಳ ಅರ್ಧ. ಕೋಚ್ ತಲೆಯಾಡಿಸಿ ಪುಸ್ತಕ ಮಡಚಿದರು.

ದೊಡ್ಡಮ್ಮ ಅಲ್ಲೇ ನಿಂತಿದ್ದರು. "ಎಪ್ಪತ್ತಾ? ನಮ್ಮ ಹುಡ್ಗೀರು ಚೆಂಡನ್ನ ಬೆಣ್ಣೆ ಗಡಿಗೆ ಹೊತ್ತಂಗೆ ಹೊತ್ಕೊಂಡ್ ಹೋಗ್ತಾರೆ. ಎಪ್ಪತ್ತು ಸರದಿ ಎಲ್ಲಿಂದ ಬಂತೇ?"

ಆಗ ನನಗೆ ಗೊತ್ತಾಯಿತು. ಮಗಳು ಚೆಂಡು ಎತ್ತಿದಾಗಲೆಲ್ಲ ನನ್ನ ತುಟಿ "ಶಿವಾ" ಎಂದಿತ್ತು. ಚೆಂಡು ರಿಂಗಿಗೆ ಬಡಿದರೆ ಇನ್ನೊಂದು ಶಿವಾ. ಅವಳು ಬಿದ್ದು ಎದ್ದರೆ ಮತ್ತೊಂದು. ಪ್ರತಿ ಶಿವನಿಗೂ ಬೆರಳು ಒಂದು ಮಣಿ ಎಳೆದಿತ್ತು. ಮಣಿ ಹೆಚ್ಚಿದಷ್ಟೂ ಮಾಲೆಗೆ ಪಾಯಿಂಟು ಇಳಿಯುತ್ತದೆ. ಇಪ್ಪತ್ತು ವರ್ಷದ ಅಭ್ಯಾಸ, ಬೆರಳಿಗೆ ಪಂದ್ಯ ಯಾವುದು, ಜಪ ಯಾವುದು! ಮಗಳಿಗೆ ಒಳ್ಳೆಯದಾಗಲಿ ಎಂದು ಬೇಡುತ್ತಲೇ ಅವಳ ಲೆಕ್ಕವನ್ನು ನಾನೇ ಕೆಡಿಸಿದ್ದೆ.

ಹೇಳದೆ ಇದ್ದರೆ ಮಗಳಿಗೆ ಅನ್ಯಾಯ. ಹೇಳಿದರೆ, ಮಗಳು ಸೋತಮೇಲೆ ತಾಯಿ ಕಥೆ ಕಟ್ಟಿದಳು ಎನ್ನುತ್ತಾರೆ. ಆದರೂ ಕೋಚ್ ಮುಂದೆ ಹೋಗಿ ಹೇಳಿದೆ. ಪಕ್ಕದಲ್ಲಿದ್ದ ಅಜ್ಜಂಪುರದ ಹುಡುಗಿಯ ತಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಬಂದರು.

"ಹೂಂ ಕಣಕ್ಕಾ! ಗೆದ್ದಿದ್ರೆ ಶಿವ ಎಣಿಸ್ಕೊಟ್ಟ ಅಂತಿದ್ರಿ. ಸೋತ್ರೆ ಶಿವಂದೇ ತಪ್ಪಾ?"

ದೊಡ್ಡಮ್ಮ ನಕ್ಕರು. "ಸರಿಯಾಗ್ ಹೇಳಿದ್ರಿ. ಇವಳ ಲೆಕ್ಕ ನಂಬಬ್ಯಾಡಿ. ಈ ಇಬ್ರು ಹುಡ್ಗೀರೂ ಎದುರಾಬದುರಾ ಆಡ್ಲಿ. ಗಡಿಯಾರ ಬ್ಯಾಡ. ಒಂದು ಮಾಲೆ ಆಟ. ಚೆಂಡು ಆ ಕಡೆ ಒಂದ್ಸಲ, ಈ ಕಡೆ ಒಂದ್ಸಲ, ಇಬ್ರಿಗೂ ಐವತ್ನಾಕು ಐವತ್ನಾಕು ಸರದಿ. ಮಣಿ ನೀವೇ ಎಣಿಸಿ."

"ನಾನಾ?"

"ನೀವೇ. ಇವಳು ಮುಟ್ಟಂಗಿಲ್ಲ."

ಕೋಚ್‌ಗೂ ಕುತೂಹಲ ಹುಟ್ಟಿತೇನೋ, ಊಟವಾದ ಮೇಲೆ ಆಡಿಸಿದರು. ಅಜ್ಜಂಪುರದಮ್ಮ ಬಾಟಲಿಯ ನೀರಲ್ಲಿ ಕೈ ತೊಳೆದು, ಚಪ್ಪಲಿ ಬಿಟ್ಟು, ಸರವನ್ನು ಕಣ್ಣಿಗೊತ್ತಿಕೊಂಡರು. ಆ ಒಂದು ನಡೆಗೇ ನನ್ನ ಕೋಪ ಇಳಿಯಿತು. ನಾನು ಖಾಲಿ ಕೈ ಕಟ್ಟಿಕೊಂಡು ಜೋರಾಗಿಯೇ ಜಪ ಮಾಡಿದೆ. ಯಾರದೇ ಚೆಂಡು ಬುಟ್ಟಿಗೆ ಬಿದ್ದರೂ ದೊಡ್ಡಮ್ಮ ಶಿಳ್ಳೆ ಹೊಡೆದರು. ಕೊನೆಕೊನೆಗೆ ಅಜ್ಜಂಪುರದಮ್ಮ ಉಳಿದ ಮಣಿಗಳನ್ನು ಕೂಗಿ ಹೇಳತೊಡಗಿದಾಗ ಮೈದಾನದವರೆಲ್ಲ ಸುತ್ತ ನೆರೆದು ಜೊತೆಗೆ ಕೂಗಿದರು. ಸರದ ತುದಿಯ ದೊಡ್ಡ ಮಣಿ ಕೈಗೆ ಬಂದಾಗ ಆಟ ನಿಂತಿತು.

ಅಜ್ಜಂಪುರದ ಹುಡುಗಿ ಎರಡು ಬ್ಯಾಸ್ಕೆಟ್ ಮುಂದಿದ್ದಳು. ಜಾಗ ಅವಳಿಗೇ ಹೋಯಿತು.

ಬಸ್ಸಿನಲ್ಲಿ ಮಗಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ದೊಡ್ಡಮ್ಮ ಮಂಡಕ್ಕಿ ಪೊಟ್ಟಣ ಅವಳ ಮಡಿಲಿಗಿಟ್ಟು, "ಅಳ್ಬೇಕು ಅನ್ಸಿದ್ರೆ ಅತ್ಬಿಡೇ," ಎಂದರು.

"ಯಾಕಳ್ಲಿ ದೊಡ್ಡಮ್ಮ? ಅವಳು ನನ್ನ ಎರಡರಷ್ಟು ಅಂತಿದ್ರು. ಎರಡೇ ಬ್ಯಾಸ್ಕೆಟ್ ಅಂತ ಇವತ್ತು ಗೊತ್ತಾಯ್ತಲ್ಲ." ಅವಳು ಮಂಡಕ್ಕಿ ಮುಕ್ಕುತ್ತ ಹೇಳಿದಳು. ಬೆನ್ನು ನೆಟ್ಟಗಿತ್ತು. ದೊಡ್ಡಮ್ಮ ಬೀರೂರಿನವರೆಗೂ ನಗುತ್ತಲೇ ಇದ್ದರು, ಕಂಡಕ್ಟರನನ್ನು ಕರೆದು ಆ ಮಾತನ್ನು ಅವನಿಗೂ ಹೇಳಿದರು.

ಆ ಎರಡು ಬ್ಯಾಸ್ಕೆಟ್ ಹುಡುಕುವುದೇ ಮುಂದಿನ ಒಂದು ವರ್ಷದ ಕೆಲಸವಾಯಿತು. ದಿನಾ ಸಂಜೆ ದೊಡ್ಡಮ್ಮ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಂಕಣದ ಅಂಚಿನಲ್ಲಿ ಕೂತು, "ಎಡಗೈ, ಎಡಗೈ! ಅದೇನು ಅನ್ನ ತಿನ್ನಕ್ಕೆ ಬ್ಯಾಡ ಅಂತ ಆಟಕ್ಕೂ ಬ್ಯಾಡ್ವಾ?" ಎಂದು ಕೂಗುತ್ತಿದ್ದರು. ಮರುವರ್ಷ ಅದೇ ಕೋಚ್ ನನ್ನ ಮಗಳನ್ನು ಆರಿಸಿಕೊಂಡರು. ಸುದ್ದಿ ಕೇಳಿ ದೊಡ್ಡಮ್ಮ ಊರುಗೋಲು ಮರೆತು ನಮ್ಮ ಜಗಲಿಯ ಮೆಟ್ಟಿಲು ಹತ್ತಿಬಂದರು. ಅದನ್ನು ಅವರು ನೋಡಿಯೇ ಹೋದರಲ್ಲ, ನನಗೆ ಅಷ್ಟು ಸಾಕು.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಗೂಳಿಯ ಪಂದ್ಯವಿತ್ತು. ಕಿಟಕಿಯಿಂದ ಸದ್ದಿಲ್ಲ. ರಂಗೋಲಿ ಅರ್ಧಕ್ಕೆ ಬಿಟ್ಟು ಬಾಗಿಲು ತಟ್ಟಿದೆ… ಚೌಳಹಿರಿಯೂರಿನಿಂದ ದೊಡ್ಡಮ್ಮನ ತಮ್ಮನ ಮನೆಯವರು ಬಂದರು. ಅವರ ಪದ್ಧತಿಯಂತೆ ಬುದ್ಧನ ಪ್ರಾರ್ಥನೆ ಹೇಳಿ ಕಳಿಸಿಕೊಟ್ಟರು. ಹಾಸ್ಟೆಲಿನಿಂದ ಬಂದ ಮಗಳು, ಜೊತೆಗೆ ಅಜ್ಜಂಪುರದ ಆ ಹುಡುಗಿ, ಇಬ್ಬರೂ ಹೆಗಲು ಕೊಟ್ಟರು. ಅಷ್ಟು ಎತ್ತರದವರನ್ನು ಹೊರಲು ಎತ್ತರದವರೇ ಬೇಕಿತ್ತು.

ಈಗ ಆ ಇಬ್ಬರಿಗೂ ಒಂದೇ ಇಲಾಖೆಯಲ್ಲಿ ಕೆಲಸ, ಒಂದೇ ತಂಡ. ಒಬ್ಬಳು ದಣಿದರೆ ಇನ್ನೊಬ್ಬಳು ಸೆಂಟರ್. ಹೋದ ವಾರ ಅವರ ತಂಡ ತರೀಕೆರೆಗೆ ಆಡಲು ಬಂದಿತ್ತು, ನಾನು ಬಸ್ಸು ಹತ್ತಿದ್ದು ಅದಕ್ಕೇ. ಅಜ್ಜಂಪುರದಮ್ಮ ಜಾಗ ಹಿಡಿದು ಕೂತಿದ್ದರು. "ಕೊಡಿ ಇಲ್ಲಿ ಸರ. ನೀವು ಜಪ ಮಾಡ್ಕಳಿ, ಎಣಿಸೋದು ನನಗಿರ್ಲಿ," ಎಂದು ಕಿತ್ತುಕೊಂಡರು.

ಪಂದ್ಯ ಮುಗಿಯಿತು, ಗೆದ್ದರು. "ನಿಮ್ಮವಳು ಆಡುವಾಗ ಮೂವತ್ತೊಂದು ಮಣಿ, ಹದಿನಾಲ್ಕು ಪಾಯಿಂಟು. ನಮ್ಮವಳು ಆಡುವಾಗ ಇಪ್ಪತ್ತೇಳು, ಹನ್ನೆರಡು. ಮಾಲೆಗೆ ಎಷ್ಟಾಯ್ತು ಕಣಕ್ಕಾ?" ಎಂದರು. ನಾನು ಬೆರಳು ಮಡಿಸಿದೆ, ಬಿಡಿಸಿದೆ. ಅವರೂ ಮಡಿಸಿದರು. ಫೋನಿನಲ್ಲಿ ಒತ್ತಿದರೆ ಕ್ಷಣದಲ್ಲಿ ಬರುತ್ತದೆಂದು ಇಬ್ಬರಿಗೂ ಗೊತ್ತು. ಇಬ್ಬರೂ ಚೀಲಕ್ಕೆ ಕೈ ಹಾಕಲಿಲ್ಲ.

ಅಷ್ಟರಲ್ಲಿ ಹುಡುಗಿಯರು ಬೆವರು ಒರೆಸಿಕೊಳ್ಳುತ್ತ ಬಂದರು. "ಯಾರು ಹೆಚ್ಚಮ್ಮ ಇವತ್ತು?" ಎಂದಳು ಮಗಳು.

"ಹೇಳೋರು ಇಲ್ವಲ್ಲೇ," ಎಂದೆ. ಅಜ್ಜಂಪುರದಮ್ಮ ಸರವನ್ನು ನನ್ನ ಕೈಗಿಟ್ಟು, ಮತ್ತೆ ಮೊದಲಿನಿಂದ ಬೆರಳು ಮಡಿಸತೊಡಗಿದರು.