ಶೇವಂತಾಬಾಯಿ ಕೊಂಡ ಖಂಡದ ಮಷೀನು

ಮುಚ್ಚಿದ್ದು ಏನೇ ಕಂಡರೂ ಬಿಚ್ಚಿ ನೋಡುವ ಚಾಳಿ ಭಾತಂಬ್ರಾದ ಶೇವಂತಾಬಾಯಿಗೆ ಹುಟ್ಟಿನಿಂದ ಬಂದದ್ದು. ಮದುವೆಯಾಗಿ ಬಂದ ವರ್ಷವೇ ಮಾವನ ರೇಡಿಯೋ ಬಿಚ್ಚಿ ಹರವಿಕೊಂಡು ಕೂತಿದ್ದಳು. ಮನೆಯವರೆಲ್ಲ ಬಾಯಿ ಬಡಿದುಕೊಂಡರು. ಸಂಜೆಯೊಳಗೆ ರೇಡಿಯೋ ಮತ್ತೆ ಹಾಡಿತು, ಒಂದು ಸ್ಕ್ರೂ ಮಾತ್ರ ಹೆಚ್ಚಿಗೆ ಉಳಿಯಿತು. ಅದನ್ನು ಇವತ್ತಿಗೂ ಮಸಾಲೆ ಡಬ್ಬಿಯಲ್ಲಿ ಕಾಪಾಡಿಕೊಂಡು ಬಂದಿದ್ದಾಳೆ.

ಅರವತ್ತು ದಾಟಿದ ಈ ಹೆಂಗಸಿನ ಕಸುಬು ಒಣಖಂಡ ಮಾಡಿ ಮಾರುವುದು. ಕುರಿಯ ಮಾಂಸವನ್ನು ಈಳಿಗೆಯ ಮೇಲೆ ಗೇಣುದ್ದ, ತೆಳ್ಳಗೆ ಕೊಯ್ದು, ಉಪ್ಪು ಅರಿಶಿನ ಸವರಿ ಅಂಗಳದ ಹಗ್ಗಕ್ಕೆ ಹಾಕುತ್ತಾಳೆ. ನಾಲ್ಕು ಬಿಸಿಲಿಗೆ ಅದು ಕಟಕಟ ಮುರಿಯುವಂತಾಗುತ್ತದೆ. ಭಾಲ್ಕಿ ಸಂತೆಗೆ ಒಯ್ದದ್ದು ಮಧ್ಯಾಹ್ನದವರೆಗೆ ಉಳಿದ ದಾಖಲೆಯಿಲ್ಲ. ಆದರೆ ಈ ಚಳಿಗಾಲದಿಂದ ಅವಳ ಬಲಗೈ ಹೆಬ್ಬೆರಳಿನ ಹಿಡಿತ ಹೋಗಿತ್ತು. ಮಾಂಸ ಜಾರುತ್ತಿತ್ತು, ತುಂಡು ದಪ್ಪ ಬೀಳುತ್ತಿತ್ತು, ದಪ್ಪನೆಯದು ಒಣಗದೆ ಕೆಡುತ್ತಿತ್ತು. ಈಳಿಗೆ ಮುಟ್ಟಬೇಡಿ ಎಂದರು ಡಾಕ್ಟರು. ಹೈಸ್ಕೂಲು ಮಾಸ್ತರನಾದ ಮಗ ನಾಗಸೇನ ಅದನ್ನೇ ಹಿಡಿದುಕೊಂಡ.

"ಸಾಕ್ ಬಿಡವ್ವ. ನಾ ದುಡೀತೇನಿ, ನೀ ಕೂತು ಉಣ್ಣು."

"ಕೂತು ಉಣ್ಣಾಕ ನಾ ಏನ್ ಮದ್ವಿಗಿ ಬಂದೀನೇನು?"

ಮಗನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಬೆಳಗ್ಗೆ ಎದ್ದು ಏನು ಮಾಡಬೇಕೆಂದು ಅವನು ಹೇಳಲಿಲ್ಲ. ಅವಳಿಗೆ ಭಯವಾದದ್ದೇ ಅದಕ್ಕೆ.

ಔಷಧ ತರಲು ಬೀದರಿಗೆ ಹೋದ ದಿನ ಹಾಜಿರಾಬೀಯ ಗುಜರಿ ಅಂಗಡಿಯಲ್ಲಿ ಒಂದು ಯಂತ್ರ ಕಣ್ಣಿಗೆ ಬಿತ್ತು. ಉಣ್ಣುವ ಗಂಗಾಳದಷ್ಟು ಅಗಲದ ದುಂಡು ಬ್ಲೇಡು. ಅದರ ಪಕ್ಕದಲ್ಲಿ ಹಿಂದೆ ಮುಂದೆ ಜಾರಬೇಕಾದ ಟ್ರೇ. ತುಂಡಿನ ದಪ್ಪ ಹೆಚ್ಚು ಕಡಿಮೆ ಮಾಡಲು ಅಂಕಿ ಬರೆದ ಗುಂಡಿ. ಔಷಧದ ಚೀಟಿ ಚೀಲದಲ್ಲೇ ಉಳಿಯಿತು.

"ಇದು ಏನ್ ಕೊಯ್ತದ್ರಿ?"

"ಹೋಟೆಲ್‌ದಾಗ ಮಟನ್ ಕೊಯ್ಯೋದಂತ್ರಿ ಅಕ್ಕಾ. ಆ ಹೋಟೆಲ್ ಬಂದ್ ಆಯ್ತು. ಟ್ರೇ ಜಾಮ್ ಅದ, ಸುಳ್ಳ್ ಯಾಕ ಹೇಳ್ಲಿ," ಎಂದಳು ಹಾಜಿರಾಬೀ. "ಒಯ್ದು ಎಂಟ್ ದಿನ ನೋಡ್ರಿ. ಆಗಲಿಲ್ಲಂದ್ರ ವಾಪಸ್ ತರ್ರಿ, ಒಡದು ತೂಕಕ್ಕ ಹಾಕ್ತೇನಿ."

ಯಂತ್ರ ಟೆಂಪೋ ಹತ್ತಿ ಭಾಲ್ಕಿಯಲ್ಲಿ ಮಿಕ್ಸಿ ರಿಪೇರಿ ಮಾಡುವ ಯುನುಸನ ಅಂಗಡಿಗೆ ಬಂತು. ಯುನುಸ ಮೋಟಾರಿಗೆ ಹೊಸ ವೈರು ಹಾಕಿದ, ಬ್ಲೇಡಿಗೆ ಸಾಣೆ ಹಿಡಿದ. ಟ್ರೇ ಮಾತ್ರ ಮಿಸುಕಲಿಲ್ಲ. ದೂಡಿದ, ಎಳೆದ, ಮರದ ಕೊಡತಿಯಿಂದ ತಟ್ಟಿದ. ಏಳನೆಯ ದಿನ ಕೈಚೆಲ್ಲಿ ಕೂತ.

"ಟ್ರೇ ಜಾರೋ ಸರಳು ಒಳಗ ಬಾಗ್ಯದ ಮೌಶಿ. ಇಂಥಾ ಸರಳು ಹೈದರಾಬಾದ್‌ದಾಗೂ ಸಿಗಲ್ಲ. ವಾಪಸ್ ಕೊಟ್ಟು ಬಿಡ್ರಿ."

ಶೇವಂತಾಬಾಯಿಗೆ ಕೊಟ್ಟ ಎಂಟು ದಿನ ನಾಳೆಗೆ ಮುಗಿಯುತ್ತಿತ್ತು. ಆದರೂ ಚಾಳಿ ಬಿಡಬೇಕಲ್ಲ! ಬಗ್ಗಿ ಟ್ರೇಯ ಕೆಳಗೆ ಮುಖ ತೂರಿಸಿದಳು. ಸರಳಿನ ಮೇಲೆ ಜೇನಿನ ಬಣ್ಣದ ಪದರು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದಳು.

"ಯುನುಸ, ಸರಳು ಬಾಗಿಲ್ಲೋ. ಇದಕ್ಕ ಕುಸುಬಿ ಎಣ್ಣಿ ಹಾಕ್ಯಾರ."

"ಎಣ್ಣಿ ಹಾಕಿದ್ರ ಜಾರಬೇಕಲ್ರಿ ಮೌಶಿ?"

"ನಿಮ್ಮ ಮನ್ಯಾಗಿನ ಎಣ್ಣಿ ಡಬ್ಬಿ ಮುಚ್ಚಳ ನೀ ಎಂದಾದ್ರೂ ತಿಕ್ಕೀಯೇನು? ಹೆಂಡ್ತಿಗಿ ಕೇಳು, ಹೇಳ್ತಾಳ."

ಗಾಳಿಗೆ ಬಿಟ್ಟ ಕುಸುಬಿ ಎಣ್ಣೆ ಮೊದಲು ಅಂಟಾಗಿ, ಆಮೇಲೆ ಅರಗಿನಂತೆ ಬಿಗಿಯುವುದು ಈ ಕಡೆಯ ಯಾವ ಹೆಂಗಸಿಗೆ ಗೊತ್ತಿಲ್ಲ? ಪಾಪ, ಹೋಟೆಲಿನವರು ತಿನ್ನುವ ಪದಾರ್ಥದ ಯಂತ್ರಕ್ಕೆ ತಿನ್ನುವ ಎಣ್ಣೆಯೇ ಇರಲಿ ಎಂದು ಭಕ್ತಿಯಿಂದ ಹಾಕಿದ್ದರು. ಹೀಗೆ ಭಕ್ತಿಯಿಂದಲೇ ಅದನ್ನು ಗುಜರಿಗೆ ಕಳಿಸಿದ್ದರು.

ಶೇವಂತಾಬಾಯಿ ಕುದಿಯುವ ನೀರಿಗೆ ವಾಷಿಂಗ್ ಸೋಡಾ ಹಾಕಿ, ಹಳೆಯ ಅರಿವೆ ಅದ್ದಿ ಸರಳಿಗೆ ಸುತ್ತಿದಳು. ತಣಿದ ಹಾಗೆಲ್ಲ ಬದಲಿಸಿದಳು. ಎರಡು ಸಲ ಚಹಾ ಕುಡಿದಾದ ಮೇಲೆ ಒಂದೇ ಬೆರಳಿನಿಂದ ಟ್ರೇ ದೂಡಿದರೆ ಅದು ಸರ್ರನೆ ಆ ತುದಿ ಮುಟ್ಟಿತು. ಯುನುಸ ಎರಡೂ ಕಿವಿ ಹಿಡಿದುಕೊಂಡ. ಅಡುಗೆ ಯಂತ್ರಗಳಿಗೆಂದೇ ಬರುವ ಎಣ್ಣೆ ತರಿಸಿ ಹಾಕಿದ. ಯಂತ್ರದ ಬೆನ್ನಿಗೆ ಕೆಂಪು ಬಣ್ಣದಲ್ಲಿ "ಕುಸುಬಿ ಎಣ್ಣೆ ಹಾಕಬಾರದು" ಎಂದು ಬರೆದೂ ಬಿಟ್ಟ.

ಆ ಭಾನುವಾರ ಅಂಗಳದಲ್ಲಿ ಯಂತ್ರ ಶುರುವಾಯಿತು. ಅಕ್ಕಪಕ್ಕದವರು ಗೋಡೆಯ ಮೇಲಿಂದ ಇಣುಕಿದರು. ನಾಗಸೇನ ಬ್ಲೇಡು ನೋಡಿ ಹೆದರಿ, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನಿಂತ. ತಾಯಿ ಮಾಂಸವನ್ನು ಟ್ರೇಯಲ್ಲಿ ಉದ್ದಕ್ಕೆ ಮಲಗಿಸಿ, ಅದರ ಮೇಲಿನ ಹಿಡಿಕೆಯನ್ನು ಅಂಗೈಯಿಂದ ಒತ್ತಿ ದೂಡಿದಳು. ಗೇಣುದ್ದದ ತುಂಡೊಂದು ಮೆಲ್ಲಗೆ ಕೆಳಗೆ ಬಿತ್ತು. ಬಿಸಿಲಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳುವಾಗಿತ್ತು. ಅವಳಿಗೆ ಖುಷಿ ತಡೆಯಲಾಗಲಿಲ್ಲ. ಒಂದಾದ ಮೇಲೊಂದು ಕೊಯ್ಯುತ್ತಲೇ ಹೋದಳು, ಹಗ್ಗ ತುಂಬಿತು.

"ಅವ್ವ, ಹೆಬ್ಬೆರಳು ನೋಯ್ತದೇನ?" ಎಂದ ನಾಗಸೇನ.

ಆಗಲೇ ಅವಳು ತನ್ನ ಕೈ ನೋಡಿಕೊಂಡದ್ದು. ದುಡಿಯುತ್ತಿದ್ದದ್ದು ಅಂಗೈ. ಹೆಬ್ಬೆರಳು ಯಾವ ಕೆಲಸವೂ ಇಲ್ಲದೆ ಪಕ್ಕಕ್ಕೆ ಚಾಚಿಕೊಂಡಿತ್ತು.

"ಕೂತು ಉಣ್ಣು ಅಂದಿದ್ದಿ ಅಲ್ಲ? ಇಕಾ, ಇದು ಕೂತು ಉಣ್ಲಿ," ಎಂದು ಅದನ್ನು ಮಗನ ಮುಖದ ಮುಂದೆ ಹಿಡಿದಳು. "ನೀ ಸ್ವಿಚ್ ಬಿಟ್ಟು ಇನ್ನೊಂದು ಹಗ್ಗ ಕಟ್ಟು ನಡಿ."