ಕೊಲ್ಲೂರಿಗೆ ಹೋದ ಕೆಂಡದ ಮಡಕೆ

ಡಿಸೆಂಬರಿನ ಒಂದು ಬೆಳಿಗ್ಗೆ ಬ್ರಹ್ಮಾವರದಿಂದ ಹೊರಟೆವು: ನಾನು, ಹೆಂಡತಿ ಸುಜಾತ, ಮೂರು ತಿಂಗಳ ಮಗಳು, ಮತ್ತು ನಮ್ಮೆಲ್ಲರಿಗಿಂತ ಹೆಚ್ಚು ಲಗೇಜು ತಂದಿದ್ದ ನನ್ನತ್ತೆ. ಅತ್ತೆ ಶಿರೂರಿನವರು, ಮೀನು ಮಾರಿ ಮಕ್ಕಳನ್ನು ಸಾಕಿದವರು. ಮೊಮ್ಮಗು ಹುಟ್ಟಿದರೆ ಕೊಲ್ಲೂರಿಗೆ ಕರೆತರುತ್ತೇನೆಂದು ಹರಕೆ ಹೊತ್ತವರೂ ಅವರೇ. ಅವರ ಚೀಲದಲ್ಲಿ ಒಂದು ಮಣ್ಣಿನ ಮಡಕೆ, ಒಂದಿಷ್ಟು ತೆಂಗಿನ ಗೆರಟೆ, ಅಂದರೆ ಒಣ ಚಿಪ್ಪು, ಇದ್ದವು. ಮಗುವನ್ನು ಮೀಯಿಸಿದ ಮೇಲೆ ಗೆರಟೆ ಕೆಂಡಕ್ಕೆ ಧೂಪ ಹಾಕಿ ಮೈ ಬೆಚ್ಚಗೆ ಮಾಡುವುದು ನಮ್ಮ ಕಡೆಯ ರೂಢಿ.

ಕುಂದಾಪುರದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆವು. ಹತ್ತಿ ಕೂತದ್ದೇ ಅತ್ತೆ ಮುಂದಿನ ಸೀಟಿನವರಿಗೆ, "ಹ್ವಾಯ್, ಕಿಟಕಿ ಹಾಕಿ ಕಾಂಬ, ಶಿಶುಗ್ ಚಳಿ ಆತ್ತ್" ಎಂದರು. ನಮ್ಮ ಕರಾವಳಿಯ ಚಳಿ ಎಂದರೆ ಎಷ್ಟು ಮಹಾ! ವಂಡ್ಸೆ ಬರುವಷ್ಟರಲ್ಲಿ ಬಸ್ಸಿನವರೆಲ್ಲ ಬೆವರುತ್ತಿದ್ದರು. ಟೋಪಿ, ಸ್ವೆಟರು, ಎರಡು ಕಂಬಳಿಯೊಳಗೆ ಮಗಳು ಕೆಂಪಗಾಗಿದ್ದಳು.

ಕೊಲ್ಲೂರು ಕಾಡಿನ ಬುಡದ ಊರು, ಅಲ್ಲಿ ಸಂಜೆ ನಿಜಕ್ಕೂ ಚಳಿಯಿತ್ತು. ದರ್ಶನ ನಾಳೆಗೆಂದು ಲಾಡ್ಜಿನಲ್ಲಿ ರೂಮು ಹಿಡಿದು, ನಾನು ಹಣ್ಣುಕಾಯಿ ತರಲು ಹೋದೆ. ಬರುವಾಗ ಅತ್ತೆ ಹೊರಗೆ ಇನ್ನಷ್ಟು ಗೆರಟೆ ಸುಡುತ್ತಿದ್ದರು; ರೂಮಿನ ಕಿಟಕಿ, ಬಾಗಿಲು ಎಲ್ಲ ಮುಚ್ಚಿತ್ತು. ಬಾಗಿಲ ಕೆಳಗಿನ ಸಂದಿಗೆ ಟವೆಲು ತುರುಕಿದ್ದರು. ತಳ್ಳಿದೆ. ಮಲಗಿದ್ದ ಮಗುವಿನ ಪಕ್ಕದಲ್ಲೇ ಕೆಂಡದ ಮಡಕೆ.

"ತಲಿ ಸಿಡೀತಿತ್ತ್, ವಾಂತಿ ಬಪ್ಪಂಗ್ ಆತ್ತ್" ಎಂದು ಸುಜಾತ ತಲೆ ಹಿಡಿದುಕೊಂಡಿದ್ದಳು. ಎಷ್ಟು ಕರೆದರೂ ಮಗಳು ಕಣ್ಣು ಬಿಡಲಿಲ್ಲ.

ಶಿರೂರಿನ ಮನೆಯಲ್ಲಿ ಹಂಚಿನ ಸಂದಿಯಿಂದ ಗಾಳಿಯಾಡುತ್ತದೆ. ಇದು ಸ್ಲ್ಯಾಬಿನ ರೂಮು; ಕಣ್ಣಿಗೆ ಕಾಣದ ಕೆಂಡದ ವಿಷಗಾಳಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಮಗುವನ್ನು ಎತ್ತಿಕೊಂಡು, ಸುಜಾತಳ ಕೈ ಹಿಡಿದೆಳೆದು ಹೊರಗೆ ಓಡಿದೆ.

ಜೀಪು ಹಿಡಿದು ಕುಂದಾಪುರದ ಆಸ್ಪತ್ರೆಗೆ ಹೊರಟೆವು. ಅತ್ತೆಗೆ ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ನನ್ ಮೊದಲ್ನೇದ್ ಚಳಿಗೇ ಹೋಯ್ತ್ ಮಗಾ. ಇದನ್ನೂ ಕಳ್ಕಂಬುದ್ ಬ್ಯಾಡ ಅಂದೇಳಿ..." ಎಂದು ಬಿಕ್ಕಿದರು. ಸುಜಾತಳಿಗೂ ಇದು ಗೊತ್ತಿರಲಿಲ್ಲ. ಬೈಯುವುದು ಬಿಟ್ಟು, ಬೇಗ ಹೋಗಲು ಡ್ರೈವರನಿಗೆ ಹೇಳಿದೆ.

ವಂಡ್ಸೆ ದಾಟುವಾಗ ಅತ್ತೆ ಕೈಚಾಚಿ ಜೀಪಿನ ಪಕ್ಕದ ತಾಡಪಾಲನ್ನು ತಾವೇ ಮೇಲೆತ್ತಿ ಹಿಡಿದರು. ತಣ್ಣನೆ ಗಾಳಿ ನುಗ್ಗಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಗಳು ಕಿಟಾರನೆ ಕಿರುಚಿ ಅತ್ತಳು. ನಮಗೆಲ್ಲ ಹೋದ ಜೀವ ಬಂದಂತಾಯಿತು.

ಆಸ್ಪತ್ರೆಯಲ್ಲಿ ತಾಯಿಗೂ ಮಗುವಿಗೂ ಆಮ್ಲಜನಕ ಕೊಟ್ಟು, ಮರುದಿನದವರೆಗೆ ಇಟ್ಟುಕೊಂಡರು. ಡಾಕ್ಟರಮ್ಮ ಅತ್ತೆಯನ್ನು ಗದರಲಿಲ್ಲ. "ಮಲಗುವ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಮಗುವಿಗೆ ನಿಮಗಿಂತ ಒಂದು ಬಟ್ಟೆ ಹೆಚ್ಚು ಹಾಕಿ, ಸಾಕು. ಮಲಗಿಸುವಾಗ ಟೋಪಿ ತೆಗೀರಿ, ಸಡಿಲ ಕಂಬಳಿ ಹೊದೆಸ್ಬೇಡಿ. ಚಳಿಯಾ ಅಂತ ನೋಡ್ಲಿಕ್ಕೆ ಕೈಕಾಲಲ್ಲ, ಎದೆ ಮುಟ್ಟಿ" ಎಂದರು. ಅತ್ತೆ ತಲೆಯಾಡಿಸುತ್ತಲೇ ಇದ್ದರು.

ಬ್ರಹ್ಮಾವರದ ಬಸ್ಸು ಹತ್ತಿದೆವು. ಮಡಕೆ ಕೊಲ್ಲೂರಿನಲ್ಲೇ ಉಳಿದಿತ್ತು, ಹರಕೆಯೂ. ಮುಂದಿನ ಸೀಟಿನಾತ ಮಗುವನ್ನು ಕಂಡು, ಪಾಪ, ತಾನಾಗಿಯೇ ಕಿಟಕಿ ಎಳೆಯಲು ಹೊರಟ. ನಿದ್ದೆಹೋದ ಮೊಮ್ಮಗಳ ಎದೆಯ ಮೇಲೆ ಅಂಗೈಯಿಟ್ಟಿದ್ದ ಅತ್ತೆ ತಲೆಯೆತ್ತಿದರು.

"ಹ್ವಾಯ್, ಹಾಕ್ಬ್ಯಾಡಿ. ಶಿಶು ಬೆಚ್ಚಗಿತ್ತ್."