ಸಂಥೆಯ ನಡುವಿನ ಮೌನ

ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯವರು ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕುತ್ತಿದ್ದರು; ಇನ್ನೊಂದು ಕಿವಿ ಒಲೆಯ ಮೇಲಿನ ಹಾಲಿಗೆ. ಏನು ಹೇಳಿದರೂ, "ತಡೀರಿ, ಒಮ್ಮೆ ಕೇಳಿ ನೋಡೂಣ" ಎನ್ನುತ್ತಿದ್ದರು. ಮಠದ ಆಚಾರ್ಯರ ಸ್ತೋತ್ರಪಾಠಕ್ಕೆ ಅವರೇ ವೆಬ್‌ಸೈಟ್ ಮಾಡಿದ್ದರು. ಆಡಿಯೋ ಹಗುರಾಗಲೆಂದು, ಮಾತಿಲ್ಲದ ಜಾಗವನ್ನೆಲ್ಲ ಅದು ತಾನಾಗಿಯೇ ಕತ್ತರಿಸುತ್ತಿತ್ತು. ಅವರಿಗೆ ಅದೊಂದು ಸಣ್ಣ ಜಂಬ.

ನಾನು ಎದುರಿಗೆ ಕೂತಿದ್ದಾಗಲೇ ರಟ್ಟೀಹಳ್ಳಿಯಿಂದ ಒಬ್ಬ ಅಜ್ಜಿಯ ಫೋನು ಬಂತು: "ಆಚಾರ್ರು ಉಸಿರು ಬಿಡದ ಹೇಳ್ಕೋತ ಹೊಂಟಾರಲ್ರೀ. ನಾವು ಯಾವಾಗ ಅನ್ನಬೇಕು?"

ಸಂಥೆಯಲ್ಲಿ, ಅಂದರೆ ಬಾಯಿಂದ ಬಾಯಿಗೆ ಕಲಿಸುವ ಪಾಠದಲ್ಲಿ, ಗುರುಗಳು ಒಂದು ಸಾಲು ಹೇಳಿ ಸುಮ್ಮನಾಗುವುದು, ಕಲಿಯುವವರು ಅದನ್ನು ಎರಡು ಸಲ ಅನ್ನಲೆಂದೇ. ಆ ಜಾಗವೇ ಮಾಯವಾಗಿತ್ತು.

"ತಡೀರಿ" ಎಂದವರು ಕತ್ತರಿಸದ ಆಡಿಯೋವನ್ನು ಮರಳಿ ಹಾಕಿ, ಎರಡೂ ಕಿವಿಗೆ ಹೆಡ್‌ಫೋನ್ ಏರಿಸಿದರು. ಸ್ವಲ್ಪ ಹೊತ್ತಿಗೆ ಅವರೇ ಮೆಲ್ಲಗೆ ಒಂದೊಂದು ಸಾಲನ್ನೂ ಎರಡೆರಡು ಸಲ ಅನ್ನತೊಡಗಿದರು.

ಅತ್ತ ಹಾಲು ಉಕ್ಕಿ ಹೋಯಿತು.